‘ಇನ್ಶೂರೆನ್ಸ್ ಇಲ್ಲಪ್ಪ, ಕಾರ್ಡ್ ಇದೆ’: ಆರೋಗ್ಯ ವಿಮೆಯ ರಾಜ್ಯವಾರು ಸಮೀಕ್ಷೆ ಮಾಡುವುದು ಹೇಗೆ?

ಹಾಸನ ಜಿಲ್ಲೆಯ ಒಂದು ಹಳ್ಳಿ. ಜಗಲಿ ಮೇಲೆ ಕೂತು ಪ್ರಶ್ನಾವಳಿ ಬಿಚ್ಚಿದ್ದೆ. ‘ಮನೇಲಿ ಯಾರಿಗಾದ್ರೂ ಆರೋಗ್ಯ ವಿಮೆ ಇದೆಯಾ ಅಮ್ಮ?’

‘ಇನ್ಶೂರೆನ್ಸಾ? ಇಲ್ಲಪ್ಪ. ಎಲ್‌ಐಸಿ ಒಂದಿತ್ತು, ನಮ್ಮನೆಯವರು ಹೋದ್ಮೇಲೆ ಅದೂ ಮುಗೀತು.’

‘ಇಲ್ಲ’ ಎಂದು ಗುರುತು ಹಾಕಿ ಮುಂದೆ ಹೋದೆ. ಆಸ್ಪತ್ರೆ ಖರ್ಚಿನ ಪುಟಕ್ಕೆ ಬಂದಾಗ ವಿಷಯ ಹೊರಬಿತ್ತು. ಹಿಂದಿನ ವರ್ಷ ಮಗನಿಗೆ ಸ್ಟೆಂಟ್ ಹಾಕಿಸಿದ್ದಾರೆ. ದುಡ್ಡು ಯಾರು ಕೊಟ್ಟರು ಎಂದರೆ, ‘ನಾವೆಲ್ಲಿಂದ ತರಾನ? ಕಾರ್ಡಲ್ಲಿ ಆಯ್ತು’ ಎಂದರು. ಒಳಗೆ ಹೋಗಿ ಟ್ರಂಕಿನಿಂದ ಪ್ಲಾಸ್ಟಿಕ್ ಕವರ್ ಒಂದನ್ನು ತಂದರು. ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್, ಕರೆಂಟ್ ಬಿಲ್, ಅವುಗಳ ನಡುವೆ ಲ್ಯಾಮಿನೇಟ್ ಮಾಡಿಸಿದ ಆಯುಷ್ಮಾನ್ ಕಾರ್ಡ್. ನಾನು ಹಿಂದಿನ ಪುಟಕ್ಕೆ ಹೋಗಿ ‘ಇಲ್ಲ’ವನ್ನು ಹೊಡೆದು ‘ಇದೆ’ ಮಾಡಿದೆ.

ಆಸ್ಪತ್ರೆ ಪುಟ ಇಲ್ಲದ ಸಮೀಕ್ಷೆಯಾಗಿದ್ದರೆ ಆ ಮನೆ ‘ವಿಮೆ ಇಲ್ಲದ ಮನೆ’ಯಾಗಿಯೇ ಉಳಿಯುತ್ತಿತ್ತು. ಯಾವ ರಾಜ್ಯದಲ್ಲಿ ಎಷ್ಟು ಜನಕ್ಕೆ ಆರೋಗ್ಯ ವಿಮೆ ಇದೆ ಎಂಬ ಶೇಕಡಾವಾರು ಅಂಕಿ ಇಂಥ ಲಕ್ಷಾಂತರ ಜಗಲಿಗಳ ಮೇಲೆ ಹುಟ್ಟುತ್ತದೆ. ವಿದ್ಯಾರ್ಥಿಗಳು, ಸಂಘ-ಸಂಸ್ಥೆಯವರು, ಪತ್ರಕರ್ತರು ಇಂಥ ಸಮೀಕ್ಷೆ ಮಾಡಬೇಕಾಗಿ ಬಂದರೆ, ಅಥವಾ ಬೇರೆಯವರು ಮಾಡಿದ್ದನ್ನು ಓದಬೇಕಾಗಿ ಬಂದರೆ, ಕೆಲಸ ಸಾಗುವ ಕ್ರಮ ಹೀಗೆ.

ಹಂತ 1: ಮನೆಯೋ, ಮನುಷ್ಯನೋ?

ಮೊದಲು ಇದನ್ನು ತೀರ್ಮಾನಿಸಿ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್-5) ಪ್ರಕಾರ, ದೇಶದ ಶೇ 41ರಷ್ಟು ಮನೆಗಳಲ್ಲಿ ಕನಿಷ್ಠ ಒಬ್ಬರಿಗಾದರೂ ವಿಮೆ ಅಥವಾ ಆರೋಗ್ಯ ಯೋಜನೆಯ ರಕ್ಷಣೆ ಇತ್ತು. ಅದೇ ಸಮೀಕ್ಷೆಯಲ್ಲಿ 15ರಿಂದ 49 ವರ್ಷದವರನ್ನು ಒಬ್ಬೊಬ್ಬರಾಗಿ ಕೇಳಿದಾಗ ಸಿಕ್ಕಿದ್ದು ಮಹಿಳೆಯರಲ್ಲಿ ಶೇ 30, ಪುರುಷರಲ್ಲಿ ಶೇ 33. ಎರಡೂ ಸರಿಯೇ. ಎಣಿಸಿದ ವಸ್ತು ಬೇರೆ, ಅಷ್ಟೆ.

ಐದೈದು ಜನರ ಹತ್ತು ಮನೆಗಳನ್ನು ತೆಗೆದುಕೊಳ್ಳಿ. ನಾಲ್ಕು ಮನೆಗಳಲ್ಲಿ ಒಬ್ಬೊಬ್ಬರಿಗೆ ಮಾತ್ರ ಕಂಪನಿಯ ವಿಮೆ ಇದೆ. ಮನೆ ಲೆಕ್ಕದಲ್ಲಿ ಇದು ಶೇ 40, ತಲೆ ಲೆಕ್ಕದಲ್ಲಿ ಶೇ 8. ದೊಡ್ಡ ಅಂಕಿ ಬೇಕಾದವರು ಮೊದಲನೆಯದನ್ನು ಹಿಡಿಯುತ್ತಾರೆ, ಟೀಕೆ ಮಾಡುವವರು ಎರಡನೆಯದನ್ನು. ನನ್ನ ಮತ ತಲೆ ಲೆಕ್ಕಕ್ಕೆ. ಕಾಯಿಲೆ ಬೀಳುವುದು ಮನುಷ್ಯ, ಮನೆಯಲ್ಲ.

ಜೊತೆಗೆ ‘ರಕ್ಷಣೆ’ ಎಂದರೇನು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೂ ಯೋಜನೆಯಲ್ಲಿ ಗೊತ್ತು ಮಾಡಿದ ದರ) ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಉಳಿದ ಶೇ 70ನ್ನು ಕೈಯಿಂದ ಕೊಡಬೇಕಾದವರನ್ನು ‘ವಿಮೆ ಇದೆ’ ಪಟ್ಟಿಗೆ ಸೇರಿಸುತ್ತೀರಾ? ಸೇರಿಸಿದರೆ ಕರ್ನಾಟಕದಲ್ಲಿ ವಿಮೆ ಇಲ್ಲದವರು ಹೆಚ್ಚು ಉಳಿಯುವುದಿಲ್ಲ. ನಾನಾದರೆ ಇವರಿಗೊಂದು ಬೇರೆ ಕಾಲಂ ಕೊಡುತ್ತೇನೆ.

ಹಂತ 2: ಯಾವ ದಿನದ ಲೆಕ್ಕ?

‘ಇವತ್ತು ಇದೆಯಾ’ ಎಂಬುದು ಒಂದು ಪ್ರಶ್ನೆ. ‘ಕಳೆದ 12 ತಿಂಗಳಲ್ಲಿ ಯಾವಾಗಲಾದರೂ ಇತ್ತಾ’ ಎಂಬುದು ಇನ್ನೊಂದು. ಕೆಲಸ ಬಿಟ್ಟ ಗಾರ್ಮೆಂಟ್ಸ್ ನೌಕರಳಿಗೆ ಎರಡನೆಯದಕ್ಕೆ ಉತ್ತರ ‘ಹೌದು’, ಮೊದಲನೆಯದಕ್ಕೆ ‘ಇಲ್ಲ’ ಆಗಿರಬಹುದು. ಎರಡನ್ನೂ ಒಂದೇ ವಾಕ್ಯದಲ್ಲಿ ತುರುಕಬೇಡಿ.

ಸಮೀಕ್ಷೆ ನಡೆದ ತಿಂಗಳೂ ಮುಖ್ಯ. ರಾಷ್ಟ್ರೀಯ ಮಾದರಿ ಸಮೀಕ್ಷೆಯ (ಎನ್‌ಎಸ್‌ಎಸ್) 75ನೇ ಸುತ್ತಿನಲ್ಲಿ ಹಳ್ಳಿಗಳಲ್ಲಿ ಸುಮಾರು ಶೇ 14, ಪಟ್ಟಣಗಳಲ್ಲಿ ಸುಮಾರು ಶೇ 19 ಜನರಿಗೆ ಮಾತ್ರ ಆರೋಗ್ಯ ವೆಚ್ಚದ ರಕ್ಷಣೆ ಇದೆ ಎಂದು ಬಂತು. ಎನ್‌ಎಫ್‌ಎಚ್‌ಎಸ್‌ನ 41ರ ಪಕ್ಕ ಇದನ್ನಿಟ್ಟು ‘ಎರಡೇ ವರ್ಷದಲ್ಲಿ ಜಿಗಿತ’ ಎಂದು ಬರೆದವರಿದ್ದಾರೆ. ಇದು ತಲೆ ಲೆಕ್ಕ, ಅದು ಮನೆ ಲೆಕ್ಕ ಎಂಬುದು ಹಾಗಿರಲಿ. ಎನ್‌ಎಸ್‌ಎಸ್ ಆ ಸುತ್ತಿನ ಕ್ಷೇತ್ರಕಾರ್ಯ ಮಾಡಿದ್ದು 2017ರ ಜುಲೈನಿಂದ 2018ರ ಜೂನ್‌ವರೆಗೆ. ಆಯುಷ್ಮಾನ್ ಕಾರ್ಡಿನ ಹಿಂದಿರುವ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಗೆ ರಾಂಚಿಯಲ್ಲಿ ಚಾಲನೆ ಸಿಕ್ಕಿದ್ದು 2018ರ ಸೆಪ್ಟೆಂಬರ್ 23ರಂದು. ಇಲ್ಲದ ಯೋಜನೆಯನ್ನು ಜನ ಹೇಗೆ ಹೇಳುತ್ತಾರೆ?

ಹಂತ 3: ಪ್ರಶ್ನೆ ಬರೆಯುವುದು

ಬಹಳ ಜನ ಒಂದು ಗಂಟೆಯಲ್ಲಿ ಮುಗಿಸುವ ಈ ಕೆಲಸಕ್ಕೆ ನಾನಾದರೆ ಒಂದು ವಾರ ಕೊಡುತ್ತೇನೆ.

‘ಆರೋಗ್ಯ ವಿಮೆ’ ಎಂಬುದು ಕಚೇರಿಯ ಮಾತು. ಊರಲ್ಲಿ ಇನ್ಶೂರೆನ್ಸ್ ಎಂದರೆ ಎಲ್‌ಐಸಿ, ಇಲ್ಲವೇ ಬೈಕಿನ ಇನ್ಶೂರೆನ್ಸ್. ನಗರದ ಮಧ್ಯಮವರ್ಗಕ್ಕೆ ಅದು ‘ಮೆಡಿಕ್ಲೈಮ್’. ಕಾರ್ಖಾನೆಯವರಿಗೆ ‘ಇಎಸ್‌ಐ’. ಪ್ರೀಮಿಯಂ ಕಟ್ಟದೆ ಸಿಗುವುದನ್ನು ಯಾರೂ ವಿಮೆ ಎನ್ನುವುದಿಲ್ಲ, ಅದು ‘ಕಾರ್ಡ್’. ಹಾಗಾಗಿ ‘ವಿಮೆ ಇದೆಯಾ’ ಎಂದು ಒಂದೇ ಸಲ ಕೇಳಿ ಮುಗಿಸದೆ, ಒಂದೊಂದೇ ಹೆಸರು ಹಿಡಿದು ಕೇಳಬೇಕು. ಕರ್ನಾಟಕದ ಪಟ್ಟಿಯಲ್ಲಿ ಆಯುಷ್ಮಾನ್ ಕಾರ್ಡ್, ಸಹಕಾರ ಸಂಘದವರ ಯಶಸ್ವಿನಿ, ರಾಜ್ಯ ಸರ್ಕಾರಿ ನೌಕರರ ಸಂಜೀವಿನಿ (ಮೊದಲು ಜ್ಯೋತಿ ಸಂಜೀವಿನಿ, ಈಗ ಆರೋಗ್ಯ ಸಂಜೀವಿನಿ), ಇಎಸ್‌ಐ, ಕೇಂದ್ರ ನೌಕರರ ಸಿಜಿಎಚ್‌ಎಸ್, ಕಂಪನಿಯ ಗ್ರೂಪ್ ಪಾಲಿಸಿ, ಸ್ವಂತ ದುಡ್ಡಿನ ಮೆಡಿಕ್ಲೈಮ್, ಸ್ವಸಹಾಯ ಸಂಘದ ಮೂಲಕ ಬರುವ ಸಂಪೂರ್ಣ ಸುರಕ್ಷಾದಂಥವು ಇರಲೇಬೇಕು.

ಗಡಿ ದಾಟಿದರೆ ಪಟ್ಟಿ ಬದಲು. ತೆಲಂಗಾಣದಲ್ಲಿ ಆರೋಗ್ಯಶ್ರೀ, ಮಹಾರಾಷ್ಟ್ರದಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಯೋಜನೆ, ಕೇರಳದಲ್ಲಿ ಕಾರುಣ್ಯ, ತಮಿಳುನಾಡಿನಲ್ಲಿ ಮುಖ್ಯಮಂತ್ರಿಗಳ ಯೋಜನೆ, ಬಂಗಾಳದಲ್ಲಿ ಸ್ವಾಸ್ಥ್ಯ ಸಾಥಿ. ಆರೋಗ್ಯಶ್ರೀ ಹೆಸರು ಅಲ್ಲಿ 2007ರಿಂದ ಜನರ ಬಾಯಲ್ಲಿದೆ. ಎರಡು-ಮೂರು ಬಾರಿ ಹೆಸರು ಬದಲಿಸಿಕೊಂಡ ಯೋಜನೆಯಿರುವ ರಾಜ್ಯದಲ್ಲಿ ಜನ ತಡವರಿಸುತ್ತಾರೆ. ಎರಡು ರಾಜ್ಯಗಳ ಅಂತರದಲ್ಲಿ ಒಂದಿಷ್ಟು ಭಾಗ ಹೆಸರಿನ ಖ್ಯಾತಿಯ ಅಂತರವೂ ಆಗಿರಬಹುದು. ಅಮೆರಿಕದಲ್ಲೂ ಇದೇ ಪಾಡು. ಅಲ್ಲಿ ಬಡವರ ಮೆಡಿಕೇಡ್ ಯೋಜನೆಗೆ ಕ್ಯಾಲಿಫೋರ್ನಿಯಾದಲ್ಲಿ ಮೆಡಿ-ಕ್ಯಾಲ್, ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್‌ಹೆಲ್ತ್, ಟೆನೆಸ್ಸಿಯಲ್ಲಿ ಟೆನ್‌ಕೇರ್ ಎಂಬ ಹೆಸರುಗಳು. ಸರ್ಕಾರಿ ದಾಖಲೆಯಲ್ಲಿ ಇರುವಷ್ಟು ಮೆಡಿಕೇಡ್ ಫಲಾನುಭವಿಗಳು ಅಲ್ಲಿನ ಸಮೀಕ್ಷೆಗಳಲ್ಲಿ ಸಿಗುವುದೇ ಇಲ್ಲ.

ಉಲ್ಟಾ ತಪ್ಪೂ ಇದೆ. ‘ಕಾರ್ಡ್ ಇದೆಯಾ’ ಎಂದರೆ ಜನ ಇರುವ ಕಾರ್ಡ್‌ಗಳನ್ನೆಲ್ಲ ತಂದು ಮುಂದಿಡುತ್ತಾರೆ. 14 ಅಂಕಿಯ ‘ಆಭಾ’ ಸಂಖ್ಯೆಯ ಕಾರ್ಡ್ ಕೇವಲ ವೈದ್ಯಕೀಯ ದಾಖಲೆ ಜೋಡಿಸುವ ಗುರುತು, ಅದರಲ್ಲಿ ಒಂದು ರೂಪಾಯಿ ವಿಮೆಯೂ ಇಲ್ಲ. ಅದರ ಮೇಲೂ ‘ಆಯುಷ್ಮಾನ್ ಭಾರತ್’ ಎಂದು ಬರೆದಿರುತ್ತದೆ, ಗೊಂದಲ ಆಗದೆ ಇನ್ನೇನು? ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಕಾರ್ಡನ್ನೂ ಖಾಸಗಿ ಆಸ್ಪತ್ರೆಗಳ ರಿಯಾಯಿತಿ ಕಾರ್ಡನ್ನೂ ವಿಮೆ ಎಂದು ತೋರಿಸುವವರಿದ್ದಾರೆ. ಹಾಗಾಗಿ ಕಾರ್ಡ್ ನೋಡಿ, ಯಾವುದೆಂದು ಗುರುತಿಸಿ, ಆಮೇಲೆ ಬರೆಯಿರಿ. ಈ ಮೂರೂ ಕಾರ್ಡ್‌ಗಳ ಮಾದರಿ ಚಿತ್ರ ಸಮೀಕ್ಷಕರ ಚೀಲದಲ್ಲಿರಲಿ.

ಕರ್ನಾಟಕದಲ್ಲಿ ಇನ್ನೊಂದು ತೊಡಕು. ಇಲ್ಲಿ ಆಯುಷ್ಮಾನ್ ಕಾರ್ಡ್ ಮಾಡಿಸದವರೂ ಬಿಪಿಎಲ್ ರೇಷನ್ ಕಾರ್ಡಿನ ಬಲದಿಂದ ಫಲಾನುಭವಿಗಳಾಗುತ್ತಾರೆ. ಅಂದರೆ ಅರ್ಹತೆ ಇದೆ, ಕಾರ್ಡ್ ಇಲ್ಲ, ವಿಷಯವೂ ಗೊತ್ತಿಲ್ಲ. ಇವರನ್ನು ಹಿಡಿಯಲು ಮೂರು ಪ್ರಶ್ನೆ ಬೇರೆ ಬೇರೆ ಇಡಿ: ರೇಷನ್ ಕಾರ್ಡ್ ಯಾವುದು? ಆಸ್ಪತ್ರೆಗೆ ಸೇರಿದರೆ ಸರ್ಕಾರ ಅಥವಾ ಕಂಪನಿ ದುಡ್ಡು ಕೊಡುತ್ತದೆಯೇ? ಕಳೆದ ವರ್ಷ ಯಾರಾದರೂ ಆಸ್ಪತ್ರೆಗೆ ಸೇರಿದ್ದರೆ ಬಿಲ್ ಕಟ್ಟಿದ್ದು ಯಾರು? ಮೊದಲನೆಯದು ಹಕ್ಕನ್ನು ಹೇಳುತ್ತದೆ, ಎರಡನೆಯದು ತಿಳಿವಳಿಕೆಯನ್ನು, ಮೂರನೆಯದು ನಿಜಕ್ಕೂ ಕೈಸೇರಿದ್ದನ್ನು. ಮೂರೂ ಒಂದೇ ಅಂಕಿ ಕೊಡುವುದಿಲ್ಲ. ಕೊಟ್ಟರೆ ಹಾಳೆಯನ್ನು ಮರದ ನೆರಳಲ್ಲಿ ಕೂತು ತುಂಬಿಸಿದ್ದಾರೆ ಎಂದು ಅನುಮಾನಿಸಿ.

ಉತ್ತರ ಯಾರು ಹೇಳುತ್ತಾರೆ ಎಂಬುದನ್ನೂ ನೋಡಿ. ಅತ್ತೆ ಸೊಸೆಯ ಪರವಾಗಿ ಹೇಳಿದರೆ ಸೊಸೆಯ ಇಎಸ್‌ಐ ತಪ್ಪಿಹೋಗುತ್ತದೆ. ದುಡಿಯುವವರ ಸಂಬಳದ ಚೀಟಿ ಕೇಳಿ, ಶೇ 0.75 ಇಎಸ್‌ಐ ಕಡಿತ ಅಲ್ಲೇ ಕಾಣುತ್ತದೆ. ಬೆಂಗಳೂರಿನ ಮಗ ತನ್ನ ಕಂಪನಿ ಪಾಲಿಸಿಯಲ್ಲಿ ಊರಿನ ಅಪ್ಪ-ಅಮ್ಮನ ಹೆಸರು ಸೇರಿಸಿರುತ್ತಾನೆ, ಅವರಿಗೆ ಹೇಳಿರುವುದಿಲ್ಲ. ಒಂದು ಫೋನ್ ಮಾಡಿಸಿದರೆ ತೀರುವ ಅನುಮಾನ ಅದು.

ಹಂತ 4: ಎಷ್ಟು ಮನೆ, ಎಷ್ಟು ಊರು?

ಎನ್‌ಎಫ್‌ಎಚ್‌ಎಸ್-5 ದೇಶದಲ್ಲಿ 6,36,699 ಮನೆಗಳನ್ನು ಮಾತನಾಡಿಸಿತು. ಅದರ ಕ್ರಮ ಸರಳ. ಜನಗಣತಿಯ ಪಟ್ಟಿಯಿಂದ ಹಳ್ಳಿ ಮತ್ತು ನಗರದ ಬ್ಲಾಕ್‌ಗಳನ್ನು ಆರಿಸುವುದು, ಅಲ್ಲಿನ ಮನೆಗಳ ಪಟ್ಟಿ ಹೊಸದಾಗಿ ಮಾಡುವುದು, ಅದರಿಂದ 22 ಮನೆ ಎತ್ತಿಕೊಳ್ಳುವುದು. ನೀವೂ ಹೀಗೇ ಮಾಡಬಹುದು. ಆದರೆ ಒಂದು ಎಚ್ಚರ.

ಆರೋಗ್ಯ ಕಾರ್ಡ್ ಊರೂರಿಗೆ ಗುಂಪಾಗಿ ಬರುವ ವಸ್ತು. ಪಂಚಾಯಿತಿ ಕಟ್ಟೆಯಲ್ಲಿ ಶಿಬಿರ ನಡೆದಿದ್ದರೆ ಊರಿಗೆ ಊರೇ ಮಾಡಿಸಿರುತ್ತದೆ, ಪಕ್ಕದೂರಲ್ಲಿ ನೆಟ್‌ವರ್ಕ್ ಸಿಗದೆ ಶಿಬಿರವೇ ಎದ್ದುಹೋಗಿರುತ್ತದೆ. ಒಂದೂರಿನ 22 ಮನೆ ಎಂದರೆ 22 ಬೇರೆ ಬೇರೆ ಸುದ್ದಿಯಲ್ಲ, ಹೆಚ್ಚುಕಡಿಮೆ ಒಂದೇ ಸುದ್ದಿ ಮತ್ತೆ ಮತ್ತೆ. ಸಂಖ್ಯಾಶಾಸ್ತ್ರದವರು ಇದಕ್ಕೆ ಲೆಕ್ಕ ಇಟ್ಟಿದ್ದಾರೆ. ಒಂದೂರಿನ ಮನೆಗಳ ಹೋಲಿಕೆಯ ಮಟ್ಟ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಎಲ್ಲವೂ ಒಂದೇ) 0.1 ಎಂದಿಟ್ಟುಕೊಳ್ಳಿ. ಒಂದಕ್ಕೆ 21 (22ರಲ್ಲಿ ಒಂದು ಕಳೆದದ್ದು) ಗುಣಿಸು 0.1 ಕೂಡಿಸಿದರೆ 3.1. ಅಂದರೆ 300 ಊರುಗಳಲ್ಲಿ ಕೇಳಿದ 6,600 ಮನೆಗಳ ತೂಕ ಸುಮಾರು 2,130 ಬಿಡಿ ಮನೆಗಳಷ್ಟೆ. ಶೇ 40ರ ಆಸುಪಾಸಿನ ಅಂಕಿಗೆ ಆಚೀಚೆ 1.2 ಅಂಶ ಎಂದು ನೀವು ನಂಬಿದ್ದ ತಪ್ಪಿನ ಅಂತರ 2.1ಕ್ಕೆ ಏರುತ್ತದೆ. ದುಡ್ಡು ಅಷ್ಟೇ ಇದ್ದರೆ ಊರು ಹೆಚ್ಚಿಸಿ, ಊರಿಗೆ ಮನೆ ಕಡಿಮೆ ಮಾಡಿ. ಜೀಪಿನ ಡೀಸೆಲ್ ಖರ್ಚು ಏರುತ್ತದೆ, ನಿಜ.

ಹಂತ 5: ಬಾಗಿಲು ತೆರೆಯದವರು

ಮನೆ ಸಮೀಕ್ಷೆಗೆ ಮನೆ ಬೇಕು. ಕಟ್ಟಡ ಕಾಮಗಾರಿಯ ತಗಡಿನ ಶೆಡ್, ಪಿಜಿ, ತೋಟದ ಕೂಲಿಗಳ ಲೈನು ಮನೆ ಇವೆಲ್ಲ ಪಟ್ಟಿಯಿಂದ ಜಾರುತ್ತವೆ. ಬಿಹಾರದ ಕೂಲಿಯಾಳು ವೈಟ್‌ಫೀಲ್ಡ್‌ನಲ್ಲಿ ವರ್ಷಗಟ್ಟಲೆ ಇದ್ದರೂ ಅವನ ಕಾರ್ಡ್ ಬಿಹಾರದ್ದು. ಅವನು ಯಾವ ರಾಜ್ಯದ ಲೆಕ್ಕಕ್ಕೆ? ವಾಡಿಕೆಯಂತೆ ಎಲ್ಲಿ ವಾಸವೋ ಅಲ್ಲಿಗೆ. ಆ ನಿಯಮ ಎಲ್ಲ ರಾಜ್ಯದಲ್ಲೂ ಒಂದೇ ಇರಬೇಕು.

ಇನ್ನೊಂದು ತುದಿಯಲ್ಲಿ ಅಪಾರ್ಟ್‌ಮೆಂಟ್‌ಗಳು. ಗೇಟಿನ ಸೆಕ್ಯುರಿಟಿ ದಾಟುವುದೇ ಕಷ್ಟ. ‘ಬೀಗ’ ಎಂದು ಬರೆದು ಪಕ್ಕದ ಮನೆಗೆ ಹೋಗಬೇಡಿ. ಭಾನುವಾರ ಸೇರಿಸಿ ಮೂರು ಸಲ ಹೋಗಿ. ಸುಲಭಕ್ಕೆ ಸಿಗುವವರನ್ನೇ ಕೇಳಿದರೆ ಕಂಪನಿ ವಿಮೆಯ ಜನ ಲೆಕ್ಕದಿಂದ ಕಾಣೆಯಾಗುತ್ತಾರೆ.

ಹಂತ 6: ತೂಕ ಹಾಕುವುದು

ಚಿಕ್ಕ ರಾಜ್ಯಕ್ಕೂ ನಂಬುವಂಥ ಅಂಕಿ ಬೇಕಾದ್ದರಿಂದ ಅಲ್ಲಿ ಜನಸಂಖ್ಯೆಯ ಪಾಲಿಗಿಂತ ಹೆಚ್ಚು ಮನೆ ಆರಿಸುತ್ತಾರೆ. ಕೂಡಿಸುವಾಗ ಅದನ್ನು ಸರಿದೂಗಿಸಬೇಕು. ಒಂದು ರಾಜ್ಯದಲ್ಲಿ 1 ಕೋಟಿ ಮನೆ, ಇನ್ನೊಂದರಲ್ಲಿ 4 ಕೋಟಿ. ಎರಡರಲ್ಲೂ 5,000 ಮನೆ ಕೇಳಿದ್ದೀರಿ. ಮೊದಲನೆಯದರಲ್ಲಿ ಶೇ 60, ಎರಡನೆಯದರಲ್ಲಿ ಶೇ 20 ಬಂತು. ಹಾಳೆಗಳನ್ನು ಸುಮ್ಮನೆ ಒಟ್ಟು ಮಾಡಿದರೆ ಶೇ 40. ಮನೆಗಳ ತೂಕ ಹಾಕಿದರೆ ಶೇ 28. ಹಾಗೆಯೇ, ಒಬ್ಬರಿಗೆ ಇಎಸ್‌ಐ ಮತ್ತು ಆಯುಷ್ಮಾನ್ ಎರಡೂ ಇದ್ದರೆ ಒಟ್ಟು ಲೆಕ್ಕದಲ್ಲಿ ಅವರು ಒಬ್ಬರೇ.

ಹಂತ 7: ರಾಜ್ಯಗಳನ್ನು ಪಕ್ಕಪಕ್ಕ ಇಡುವುದು

ಎನ್‌ಎಫ್‌ಎಚ್‌ಎಸ್-5ರಲ್ಲಿ ರಾಜಸ್ಥಾನದ್ದು ಎದ್ದುಕಾಣುವ ಅಂಕಿ, ಸುಮಾರು ಶೇ 88ರಷ್ಟು ಮನೆಗಳು. ಕರ್ನಾಟಕದ ಜೊತೆ ಹೋಲಿಸಿ ಶೀರ್ಷಿಕೆ ಕೊಡುವ ಮೊದಲು ಕ್ಯಾಲೆಂಡರ್ ನೋಡಿ. ಆ ಸಮೀಕ್ಷೆ ಎರಡು ಸುತ್ತಿನಲ್ಲಿ ನಡೆಯಿತು. ಕರ್ನಾಟಕ 2019ರ ಜೂನ್‌ನಿಂದ 2020ರ ಜನವರಿಯೊಳಗಿನ ಮೊದಲ ಸುತ್ತಿನಲ್ಲಿ, ರಾಜಸ್ಥಾನ 2021ರ ಏಪ್ರಿಲ್‌ವರೆಗೆ ಎಳೆದ ಎರಡನೆಯದರಲ್ಲಿ. ನಡುವೆ ಕೋವಿಡ್ ಬಂದಿತ್ತು. ರಾಜಸ್ಥಾನದ ಸಾಧನೆ ಸುಳ್ಳೆಂದಲ್ಲ, ಓಟ ಒಂದೇ ದಿನ ನಡೆದಿರಲಿಲ್ಲ.

ವರ್ಷದಿಂದ ವರ್ಷಕ್ಕೆ ಹೋಲಿಸುವುದಾದರೆ ಪ್ರಶ್ನೆಯನ್ನು ಮುಟ್ಟಬೇಡಿ. ಮುಟ್ಟಲೇಬೇಕಾದರೆ ಒಂದು ವರ್ಷ ಅರ್ಧ ಮನೆಗಳಿಗೆ ಹಳೆಯದನ್ನು, ಅರ್ಧಕ್ಕೆ ಹೊಸದನ್ನು ಕೇಳಿ. ಅಮೆರಿಕದಲ್ಲಿ ಒಬಾಮ ಕಾಲದ ವಿಮಾ ಕಾನೂನಿನ ಮುಖ್ಯ ಭಾಗ ಜಾರಿಗೆ ಬಂದ 2014ರಲ್ಲೇ ಅಲ್ಲಿನ ಸರ್ಕಾರಿ ಸಮೀಕ್ಷೆಯಾದ ಕರೆಂಟ್ ಪಾಪ್ಯುಲೇಷನ್ ಸರ್ವೆಯ ವಿಮೆ ಪ್ರಶ್ನೆಗಳೂ ಬದಲಾದವು. ಹಳೇ ಅಂಕಿಯ ಪಕ್ಕ ಹೊಸದನ್ನು ನೇರವಾಗಿ ಇಡಲಾಗದೆ, 2008ರಿಂದ ವಿಮೆ ಪ್ರಶ್ನೆ ಕೇಳುತ್ತಾ ಬಂದ, ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಹೋಗುವ ಅಮೆರಿಕನ್ ಕಮ್ಯುನಿಟಿ ಸರ್ವೆಯ ಮೊರೆ ಹೋಗಬೇಕಾಯಿತು.

ಪ್ರಕಟಿಸುವಾಗ ಪ್ರತಿ ಅಂಕಿಯ ಕೆಳಗೆ ನಾಲ್ಕು ಸಂಗತಿ ಇರಲಿ: ಮನೆಯೋ ಮನುಷ್ಯನೋ, ಯಾವ ತಿಂಗಳು, ತಪ್ಪಿನ ಅಂತರ ಎಷ್ಟು, ಮತ್ತು ಕೇಳಿದ ಪ್ರಶ್ನೆ ಇದ್ದ ಹಾಗೆಯೇ, ಆಯಾ ರಾಜ್ಯದ ಭಾಷೆಯಲ್ಲಿ. ಪುಟದಲ್ಲಿ ಜಾಗ ಸಾಲದಿದ್ದರೆ ಬಣ್ಣದ ನಕ್ಷೆಯನ್ನು ಚಿಕ್ಕದು ಮಾಡಿ.