ಜಾಮೀನು ಸಿಕ್ಕರೂ ಜೈಲಿನಲ್ಲೇ ಉಳಿದವರನ್ನು ಹೊರತರುವ ಬಗೆ

ನ್ಯಾಯಾಲಯ ಜಾಮೀನು ಕೊಟ್ಟ ಮೇಲೂ ಶ್ಯೂರಿಟಿ, ಅಂದರೆ ತಮ್ಮ ಪರ ಹೊಣೆ ನಿಲ್ಲುವ ಜಾಮೀನುದಾರರನ್ನು, ಒದಗಿಸಲಾಗದೆ ವಾರಗಟ್ಟಲೆ, ತಿಂಗಳುಗಟ್ಟಲೆ ಜೈಲಿನಲ್ಲೇ ಉಳಿಯುವ ವಿಚಾರಣಾಧೀನ ಕೈದಿಗಳಿಗೆ ನೆರವಾಗಲು ಮುಂದೆ ಬರುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಕಾನೂನು ವಿದ್ಯಾರ್ಥಿಗಳು, ನಿವೃತ್ತ ಶಿಕ್ಷಕರು, ಸಂಘ ಸಂಸ್ಥೆಗಳ ಕಾರ್ಯಕರ್ತರು ಉತ್ಸಾಹದಿಂದಲೇ ಬರುತ್ತಾರೆ ಮತ್ತು ಬಹುತೇಕ ಎಲ್ಲರೂ ಒಂದೇ ಜಾಗದಲ್ಲಿ ಎಡವುತ್ತಾರೆ. ನ್ಯಾಯಾಧೀಶರ ಮುಂದೆ ಇಡಬೇಕಾದ ವರದಿಯನ್ನು ಅವರು ಕರುಣೆಯ ಕೋರಿಕೆಯಾಗಿ ಬರೆದುಬಿಡುತ್ತಾರೆ. ಆ ಒಂದು ಹಂತವನ್ನು ಬಿಡಿಸಿ ಹೇಳುವುದೇ ಈ ಲೇಖನದ ಮುಖ್ಯ ಉದ್ದೇಶವಾದ್ದರಿಂದ ಉಳಿದವುಗಳನ್ನು ಬೇಗ ಮುಗಿಸುತ್ತೇನೆ.

ಸಮಸ್ಯೆಯ ಗಾತ್ರ ತಿಳಿದಿರಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ಅಂಕಿಅಂಶದಂತೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನೂರಕ್ಕೆ 75ಕ್ಕೂ ಹೆಚ್ಚು. ಇವರೆಲ್ಲ ಶ್ಯೂರಿಟಿ ಇಲ್ಲದ ಕಾರಣಕ್ಕೇ ಒಳಗಿದ್ದಾರೆಂದಲ್ಲ. ಆದರೆ ಹಾಗೆ ಒಳಗಿರುವವರು ಪ್ರತಿ ಜೈಲಿನಲ್ಲೂ ಇದ್ದಾರೆ.

ಮೊದಲ ಹಂತ: ಬಾಗಿಲು ಮತ್ತು ಪಟ್ಟಿ

ನೇರವಾಗಿ ಜೈಲಿನ ಬಾಗಿಲು ತಟ್ಟಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರನ್ನು ಕಂಡು, ಸಾಧ್ಯವಿದ್ದರೆ ಅರೆ ಕಾನೂನು ಸ್ವಯಂಸೇವಕರಾಗಿ ಹೆಸರು ನೋಂದಾಯಿಸಿಕೊಂಡು, ಅವರ ಮೂಲಕವೇ ಹೋಗಿ. ಜಾಮೀನು ಸಿಕ್ಕ ಏಳು ದಿನಗಳಲ್ಲಿ ಕೈದಿ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಇದೇ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ನಿರ್ದೇಶಿಸಿದೆ. ಹಾಗಾಗಿ ನಿಮಗೆ ಬೇಕಾದ ಪಟ್ಟಿ ಸಿಗಬೇಕಾದ ಜಾಗವೂ ಅದೇ.

ಎರಡನೆಯ ಹಂತ: ಆದೇಶವನ್ನು ಪೂರ್ತಿ ಓದುವುದು

ಕೈದಿಯಾಗಲಿ, ಅವರ ಮನೆಯವರಾಗಲಿ ಹೇಳಿದ ಸಾರಾಂಶವನ್ನು ನಂಬಿ ಕೆಲಸ ಶುರುಮಾಡಬಾರದು. ಜಾಮೀನು ಆದೇಶದ ಪ್ರತಿಯನ್ನೇ ಕೈಯಲ್ಲಿ ಹಿಡಿಯಬೇಕು. ಬಾಂಡ್ ಎಷ್ಟು ಮೊತ್ತದ್ದು, ಜಾಮೀನುದಾರರು ಒಬ್ಬರೋ ಇಬ್ಬರೋ, ‘ಸ್ಥಳೀಯ’ ಎಂಬ ಪದ ಇದೆಯೋ ಇಲ್ಲವೋ ಎಂಬುದನ್ನು ಗುರುತು ಹಾಕಿಕೊಳ್ಳಿ. ಪ್ರತಿ ಪ್ರಕರಣಕ್ಕೂ ಇರುವ ಸಿಎನ್‌ಆರ್ ಎಂಬ ಗುರುತಿನ ಸಂಖ್ಯೆ ಸಿಕ್ಕರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಮುಂದಿನ ದಿನಾಂಕವೂ ಸಿಗುತ್ತದೆ.

ಇದರ ಜೊತೆಗೇ ಅಧೀಕ್ಷಕರ ಕಚೇರಿಯಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಬೇರೆ ಯಾವುದಾದರೂ ಪ್ರಕರಣದಲ್ಲಿ ಈ ವ್ಯಕ್ತಿಯ ಮೇಲೆ ಬಾಡಿ ವಾರಂಟ್ (ಜೈಲಿನಲ್ಲಿರುವವರನ್ನು ತನ್ನ ಮುಂದೆ ಹಾಜರುಪಡಿಸುವಂತೆ ನ್ಯಾಯಾಲಯ ಹೊರಡಿಸುವ ಆದೇಶ) ಇದೆಯೇ? ಇದನ್ನು ಕೇಳದೆ ಒಂದು ಪ್ರಕರಣಕ್ಕಾಗಿ ಮೂರು ವಾರ ಓಡಾಡಿ, ಬಿಡುಗಡೆಯ ಸಂಜೆ ಬಾಗಿಲಲ್ಲಿ ಕಾದು, ಮತ್ತೊಂದು ಠಾಣೆಯ ಪ್ರಕರಣದಲ್ಲಿ ಅವರು ಒಳಗೇ ಉಳಿಯುತ್ತಾರೆಂದು ತಿಳಿದು ಬರಿಗೈಯಲ್ಲಿ ಮರಳಿದ ಒಬ್ಬ ಸ್ವಯಂಸೇವಕ ನಾನೇ.

ಆರೋಪಿ ಈಗಾಗಲೇ ಎಷ್ಟು ಕಾಲ ಒಳಗಿದ್ದಾರೆಂದೂ ಲೆಕ್ಕ ಹಾಕಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಸೆಕ್ಷನ್ ಪ್ರಕಾರ, ಆರೋಪಿತ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿಯನ್ನು, ಹಿಂದೆಂದೂ ಶಿಕ್ಷೆಗೊಳಗಾಗದವರಾದರೆ ಮೂರನೇ ಒಂದರಷ್ಟು ಅವಧಿಯನ್ನು, ಕಳೆದವರ ಬಿಡುಗಡೆಗೆ ಅಧೀಕ್ಷಕರೇ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿಯಿದ್ದರೂ ತೊಡಕಾಗುತ್ತದೆ. ಹೊಸ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಹಿಂದಿನ ಪ್ರಕರಣಗಳಿಗೂ ಈ ಲಾಭ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ ಅದೇ ವರ್ಷ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು.

ಮೂರನೆಯ ಹಂತ: ಕೈದಿಯೊಡನೆ ಮಾತು

ಘಟನೆಯ ಬಗ್ಗೆ ಒಂದು ಮಾತನ್ನೂ ಕೇಳಬೇಡಿ. ವಕೀಲರಿಗೆ ಹೇಳಿದ ಮಾತಿಗೆ ಕಾನೂನು ಕೊಡುವ ರಕ್ಷಣೆ ಸ್ವಯಂಸೇವಕರಿಗೆ ಹೇಳಿದ ಮಾತಿಗೆ ಇಲ್ಲ. ವಿಳಾಸ, ಕೆಲಸ, ಮನೆಮಂದಿ, ನೆನಪಿರುವ ಫೋನ್ ಸಂಖ್ಯೆ, ಇಷ್ಟು ಸಾಕು. ಎಷ್ಟೋ ಜನರಿಗೆ ಮನೆಯವರ ಸಂಖ್ಯೆ ನೆನಪಿರುವುದಿಲ್ಲ. ಅದು ಠಾಣೆಯಲ್ಲಿ ಜಪ್ತಿಯಾದ ಮೊಬೈಲಿನೊಳಗಿರುತ್ತದೆ. ಅಂಥವರ ಬಳಿ ಬೀದಿಯ ಗುರುತು ಕೇಳಿ: ಯಾವ ಬಸ್ ನಿಲ್ದಾಣದಲ್ಲಿ ಇಳಿಯುವುದು, ಎದುರಿಗೆ ಯಾವ ಅಂಗಡಿ, ಸಾಲ ಬರೆಸುತ್ತಿದ್ದುದು ಯಾವ ಕಿರಾಣಿಯಲ್ಲಿ.

ನಾಲ್ಕನೆಯ ಹಂತ: ಬೇರುಗಳ ವರದಿ

ಎಲ್ಲರೂ ಕೆಡಿಸುವ ಹಂತ ಇದು. 2023ರ ಅದೇ ಆದೇಶದಂತೆ ಪ್ರಾಧಿಕಾರದ ಕಾರ್ಯದರ್ಶಿಯವರು ಪರಿವೀಕ್ಷಣಾಧಿಕಾರಿಗಳಿಂದ ಅಥವಾ ಸ್ವಯಂಸೇವಕರಿಂದ ಕೈದಿಯ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಯ ವರದಿಯನ್ನು ಸಿದ್ಧಪಡಿಸಿ, ಷರತ್ತು ಸಡಿಲಿಸುವಂತೆ ನ್ಯಾಯಾಲಯವನ್ನು ಕೋರಬಹುದು. ‘ಆರ್ಥಿಕ ಸ್ಥಿತಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮವರು ಬಡತನದ ವರ್ಣನೆಗೆ ತೊಡಗುತ್ತಾರೆ. ಬಡತನ ಹೇಳಬೇಕಾದದ್ದೇ, ಅದಕ್ಕೆ ಬಿಪಿಎಲ್ ಕಾರ್ಡಿನ ಒಂದು ನಕಲು ಸಾಕು. ಆದರೆ ನ್ಯಾಯಾಧೀಶರ ಮನಸ್ಸಿನಲ್ಲಿರುವ ಪ್ರಶ್ನೆ ಈತ ಬಡವನೋ ಅಲ್ಲವೋ ಎಂಬುದಲ್ಲ, ಬಿಟ್ಟರೆ ವಿಚಾರಣೆಗೆ ಮರಳಿ ಬರುತ್ತಾನೋ ಇಲ್ಲವೋ ಎಂಬುದು. ವರದಿಯ ಪ್ರತಿ ಸಾಲೂ ಆ ಪ್ರಶ್ನೆಗೇ ಉತ್ತರವಾಗಿರಬೇಕು.

ಈ ಬಗೆಯ ವರದಿಯನ್ನು ರೂಢಿಗೆ ತಂದವರೂ ಸರ್ಕಾರದವರಲ್ಲ, ಸ್ವಯಂಸೇವೆಗೆ ಇಳಿದವರೇ. 1961ರಲ್ಲಿ ನ್ಯೂಯಾರ್ಕಿನಲ್ಲಿ ಲೂಯಿ ಶ್ವೈಟ್ಜರ್ ಎಂಬ ಉದ್ಯಮಿ ಮತ್ತು ಹರ್ಬರ್ಟ್ ಸ್ಟರ್ಜ್ ಎಂಬ ಪತ್ರಿಕಾ ಸಂಪಾದಕ ಸೇರಿ ವೆರಾ ಪ್ರತಿಷ್ಠಾನ ಕಟ್ಟಿ, ಕಾನೂನು ವಿದ್ಯಾರ್ಥಿಗಳ ಕೈಗೆ ಪ್ರಶ್ನಾವಳಿ ಕೊಟ್ಟು, ಬಂಧಿತರ ವಾಸ, ಕೆಲಸ, ಕುಟುಂಬಗಳಿಗೆ ಅಂಕ ಹಾಕಿಸಿ, ಸಾಕಷ್ಟು ಅಂಕ ಪಡೆದವರನ್ನು ಹಣ ಕಟ್ಟಿಸಿಕೊಳ್ಳದೆ ಬಿಡುವಂತೆ ನ್ಯಾಯಾಧೀಶರಿಗೆ ಶಿಫಾರಸು ಮಾಡಿಸಿದರು. ಆ ಪ್ರಯೋಗ ಅಮೆರಿಕದ 1966ರ ಜಾಮೀನು ಸುಧಾರಣಾ ಕಾಯ್ದೆಗೆ ದಾರಿಯಾಯಿತು. ನಮ್ಮಲ್ಲಿ 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ, ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಕುರಿತು ತೀರ್ಪು ನೀಡುತ್ತಾ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು, ಸಮುದಾಯದಲ್ಲಿ ಬೇರು ಬಿಟ್ಟಿರುವ ಆರೋಪಿಯನ್ನು ಸ್ವಂತ ಮುಚ್ಚಳಿಕೆಯ ಮೇಲೆ, ಅಂದರೆ ಜಾಮೀನುದಾರರಿಲ್ಲದೆ ತಾನೇ ಬರೆದುಕೊಡುವ ಬಾಂಡಿನ ಮೇಲೆ, ಬಿಡಬಹುದೆಂದು ಹೇಳಿ, ಯಾವ ಯಾವ ಅಂಶಗಳನ್ನು ನೋಡಬೇಕೆಂದು ಪಟ್ಟಿಯನ್ನೇ ಕೊಟ್ಟಿದ್ದಾರೆ: ಎಷ್ಟು ಕಾಲದಿಂದ ಅಲ್ಲಿ ವಾಸ, ಉದ್ಯೋಗ ಮತ್ತು ಹಣಕಾಸಿನ ಸ್ಥಿತಿ, ಕುಟುಂಬದ ನಂಟು, ನಡತೆ, ಹಿಂದಿನ ಪ್ರಕರಣಗಳು, ಹಿಂದೆ ಜಾಮೀನಿನಲ್ಲಿದ್ದಾಗ ಹಾಜರಾಗಿದ್ದು, ಅವರ ಪರವಾಗಿ ಮಾತು ಕೊಡಬಲ್ಲ ಜವಾಬ್ದಾರಿಯುತ ಜನ ಯಾರು ಎಂಬುದು. ನಿಮ್ಮ ವರದಿಗೆ ಈ ಪಟ್ಟಿಗಿಂತ ಒಳ್ಳೆಯ ನಮೂನೆ ಬೇರೆ ಬೇಕಿಲ್ಲ. ನ್ಯಾಯಾಲಯದ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಿದ್ಧ ಅಫಿಡವಿಟ್ ನಮೂನೆಗಳನ್ನಂತೂ ಮುಟ್ಟಬೇಡಿ. ಹೆಸರಿನ ಜಾಗ ಬಿಟ್ಟರೆ ಅವುಗಳಲ್ಲಿ ಆ ಮನುಷ್ಯನದೆಂಬ ಒಂದು ಅಕ್ಷರವೂ ಇರುವುದಿಲ್ಲ.

ಒಂದು ಉದಾಹರಣೆ ನೋಡಿ. ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದಿದ್ದ ಯುವಕನೊಬ್ಬನ ಮೇಲೆ ಸೆಂಟ್ರಿಂಗ್ ಶೀಟುಗಳ ಕಳವಿನ ಆರೋಪವಿತ್ತು. ಜಾಮೀನು ಸಿಕ್ಕಿತ್ತು, ಐವತ್ತು ಸಾವಿರ ರೂಪಾಯಿಯ ಬಾಂಡಿಗೆ ಇಬ್ಬರು ಸ್ಥಳೀಯ ಜಾಮೀನುದಾರರು ಬೇಕಿತ್ತು. ಮೊದಲು ಹೋದ ಸ್ವಯಂಸೇವಕಿ ಬರೆದ ವರದಿ ಹೀಗಿತ್ತು: “ಆರೋಪಿಯು ಕಡುಬಡವನಾಗಿದ್ದು, ವೃದ್ಧ ತಾಯಿ ಹಗಲಿರುಳು ಕಣ್ಣೀರಿಡುತ್ತಿದ್ದು, ಮಾನ್ಯ ನ್ಯಾಯಾಲಯ ಕರುಣೆ ತೋರಬೇಕಾಗಿ ಪ್ರಾರ್ಥನೆ.” ಇದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ನ್ಯಾಯಾಧೀಶರು ಹಿಡಿದುಕೊಳ್ಳಬಹುದಾದ ಆಧಾರವೂ ಇರಲಿಲ್ಲ. ಎರಡನೆಯ ಸಲ ಅವರೇ ಶೆಡ್ಡಿಗೆ ಹೋಗಿ ಬಂದು ಬರೆದದ್ದು ಇದು: “ಆರೋಪಿಯು ನಾಲ್ಕು ವರ್ಷಗಳಿಂದ ಒಬ್ಬರೇ ಮೇಸ್ತ್ರಿಯ ಕೈಕೆಳಗೆ ಕೆಲಸ ಮಾಡುತ್ತಿದ್ದಾರೆ. ಮೇಸ್ತ್ರಿಯನ್ನು ಕೆಲಸದ ಜಾಗದಲ್ಲಿ ಕಂಡು ಮಾತನಾಡಿದ್ದೇನೆ. ಬಟವಾಡೆ ಪುಸ್ತಕದ ಎರಡು ಪುಟಗಳ ನಕಲು ಲಗತ್ತಿಸಿದೆ. ಹೆಂಡತಿ ಅದೇ ಶೆಡ್ಡಿನಲ್ಲಿ ವಾಸವಿದ್ದಾರೆ. ಮಗಳ ಹೆಸರು ಸಮೀಪದ ಅಂಗನವಾಡಿಯ ಹಾಜರಿಯಲ್ಲಿದೆ. ಬಿಡುಗಡೆಯಾದರೆ ಮರುದಿನದಿಂದಲೇ ಕೆಲಸ ಕೊಡುವುದಾಗಿಯೂ, ವಿಚಾರಣೆಯ ದಿನ ರಜೆ ಕೊಟ್ಟು ಕಳಿಸುವುದಾಗಿಯೂ ಮೇಸ್ತ್ರಿ ಬರೆದುಕೊಟ್ಟಿದ್ದಾರೆ.” ಎರಡು ಪುಟ ಮೀರದ ಈ ವರದಿಯ ಮೇಲೆ ಜಾಮೀನುದಾರರ ಷರತ್ತು ಸಡಿಲವಾಗಿ, ಯುವಕ ಸ್ವಂತ ಮುಚ್ಚಳಿಕೆಯ ಮೇಲೆ ಹೊರಬಂದ.

ಈ ಎರಡನೆಯ ವರದಿ ಫೋನಿನಲ್ಲಿ ವಿಚಾರಿಸಿ ಬರೆಯುವಂಥದ್ದಲ್ಲ. ಮನೆಗೆ ಹೋಗಲೇಬೇಕು, ಅದೂ ಎರಡು ಸಲ: ಹಗಲು ಹೋದರೆ ಹೆಂಗಸರು ಮಕ್ಕಳು ಸಿಗುತ್ತಾರೆ, ಕೆಲಸಕ್ಕೆ ಹೋದವರು ಸಿಗುವುದು ಸಂಜೆ ಏಳರ ಮೇಲೆ. ಸಂಸ್ಥೆಯ ಹೆಸರು ಅಚ್ಚಾದ ಟೀ ಶರ್ಟ್ ಹಾಕಿಕೊಂಡು ಓಣಿಗೆ ಕಾಲಿಡಬೇಡಿ. ಅಕ್ಕಪಕ್ಕದವರಿಗೆ ಮನೆಯವರು ‘ಊರಿಗೆ ಹೋಗಿದ್ದಾರೆ’ ಎಂದು ಹೇಳಿರಬಹುದು; ಆ ಮಾತನ್ನು ಒಡೆಯುವ ಹಕ್ಕು ನಿಮಗಿಲ್ಲ. ಹಾಗೆಂದು ಸುಳ್ಳು ಹೇಳುವುದೂ ಬೇಡ. ಮನೆಯವರ ಹೆಸರು ಹಿಡಿದು ಕೇಳಿ ಒಳಗೆ ಹೋದ ಮೇಲೆ ಮಾತು ಶುರುಮಾಡಿದರೆ ಆಯಿತು. ದೂರುದಾರರ ಮನೆಯ ಕಡೆ ತಲೆಯೂ ಹಾಕಬೇಡಿ, ಅದು ಸಾಕ್ಷಿಯ ಮೇಲೆ ಒತ್ತಡವೆಂಬ ಆರೋಪಕ್ಕೆ ಎಡೆಯಾಗುತ್ತದೆ.

ಪ್ರತಿಕೂಲವಾದ ಸಂಗತಿಯಿದ್ದರೆ ಅದನ್ನೂ ಬರೆಯಬೇಕು. ಹಿಂದೊಮ್ಮೆ ವಿಚಾರಣೆಗೆ ತಪ್ಪಿಸಿಕೊಂಡಿದ್ದರೆ, ಏಕೆ ಎಂದು ವಿಚಾರಿಸಿ, ಆಸ್ಪತ್ರೆಯ ಚೀಟಿಯಿದ್ದರೆ ಅದನ್ನೂ ಸೇರಿಸಿ ನೀವೇ ಹೇಳಿ. ಸರ್ಕಾರಿ ಅಭಿಯೋಜಕರ ಬಾಯಿಂದ ಅದು ಮೊದಲು ಬಂದರೆ ನಿಮ್ಮ ಮುಂದಿನ ಹತ್ತು ವರದಿಗಳೂ ಬೆಲೆ ಕಳೆದುಕೊಳ್ಳುತ್ತವೆ. ನೀವು ಕಣ್ಣಾರೆ ಕಂಡದ್ದು ಯಾವುದು, ಯಾರೋ ಹೇಳಿದ್ದು ಯಾವುದು ಎಂಬುದನ್ನು ಬೇರೆಬೇರೆಯಾಗಿ ಬರೆದು, ಭೇಟಿಯ ದಿನಾಂಕ ನಮೂದಿಸಿ ಸಹಿ ಹಾಕಿ.

ಐದನೆಯ ಹಂತ: ಅರ್ಜಿ

ಇದು ವಕೀಲರ ಕೆಲಸ. ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಸೆಕ್ಷನ್ ಕೊಟ್ಟಿರುವುದರಿಂದ ಪ್ರಾಧಿಕಾರದ ವಕೀಲರನ್ನೇ ಕೇಳಿ. ವಕೀಲರಿಗೆ ನೆನಪಿಸಬೇಕಾದ ಮೂರು ಸಂಗತಿಗಳಿವೆ. ಸ್ಥಳೀಯ ಶ್ಯೂರಿಟಿಗೇ ಪಟ್ಟು ಹಿಡಿಯುವುದು ಬಿಡುಗಡೆ ತಡವಾಗಲು ಒಂದು ಕಾರಣವೆಂದೂ, ಅಂಥ ಕಡೆ ಆ ಷರತ್ತು ಹಾಕದಿರಬಹುದೆಂದೂ 2023ರ ಆದೇಶ ಹೇಳಿದೆ. ಹೊರಬಂದ ಮೇಲೆ ಶ್ಯೂರಿಟಿ ಒದಗಿಸಬಲ್ಲೆ ಎನ್ನುವವರಿಗೆ ತಾತ್ಕಾಲಿಕ ಜಾಮೀನು ಕೊಡುವ ಅವಕಾಶವೂ ಅದರಲ್ಲಿದೆ. ಇದನ್ನು ಕೇಳುವವರೇ ಕಡಿಮೆ. ಬಾಂಡಿನ ಮೊತ್ತ ವಿಪರೀತವಾಗಿರಬಾರದೆಂದು ಸಂಹಿತೆಯ 484ನೆಯ ಸೆಕ್ಷನ್ನೇ ಹೇಳುತ್ತದೆ, ಅದನ್ನು ಇಳಿಸುವ ಅಧಿಕಾರ ಸೆಷನ್ಸ್ ನ್ಯಾಯಾಲಯಕ್ಕಿದೆ.

ಸ್ಥಳೀಯ ಶ್ಯೂರಿಟಿಯ ಪ್ರಶ್ನೆ ಹೊಸದೇನಲ್ಲ. 1978ರ ಮೋತಿರಾಮ್ ಪ್ರಕರಣದಲ್ಲಿ ಮಧ್ಯಪ್ರದೇಶದ ಒಬ್ಬ ಗಾರೆಯವನಿಗೆ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಅವನ ಸಹೋದರನ ಶ್ಯೂರಿಟಿಯನ್ನು ನಿರಾಕರಿಸಿದ್ದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವನನ್ನು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರಲ್ಲದೆ, ಬಸ್ತರ್‌ನಲ್ಲೋ ಚಾಂದನಿ ಚೌಕದಲ್ಲೋ ಬಂಧನಕ್ಕೊಳಗಾದ ಕನ್ನಡಿಗನೋ ಮಲಯಾಳಿಯೋ ಆ ಜಿಲ್ಲೆಯ ಶ್ಯೂರಿಟಿಯನ್ನು ಎಲ್ಲಿಂದ ತರಬೇಕೆಂದು ಕೇಳಿದರು. ಅಂದು ಕನ್ನಡಿಗನ ಪರವಾಗಿ ಕೇಳಿದ ಆ ಪ್ರಶ್ನೆ ಇಂದು ಬೆಂಗಳೂರಿನಲ್ಲಿ ಒಡಿಶಾದ, ಬಿಹಾರದ ಕೂಲಿಕಾರರ ಪ್ರಶ್ನೆಯಾಗಿದೆ.

ಹಣದ ಮಾತು

ಇದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಬಡ ಕೈದಿಗಳ ನೆರವಿಗೆ ಕೇಂದ್ರ ಸರ್ಕಾರ 2023ರಲ್ಲಿ ತಂದ ಯೋಜನೆಯಲ್ಲಿ ವಿಚಾರಣಾಧೀನರ ಜಾಮೀನಿಗೆ 40,000 ರೂಪಾಯಿಯವರೆಗೆ, ದಂಡ ಕಟ್ಟಲಾಗದೆ ಒಳಗುಳಿದವರಿಗೆ 25,000 ರೂಪಾಯಿಯವರೆಗೆ ಕೊಡಲು ಜಿಲ್ಲಾ ಸಮಿತಿಗೆ ಅಧಿಕಾರ ಕೊಡಲಾಯಿತು. ಮಾದಕವಸ್ತು, ಭ್ರಷ್ಟಾಚಾರ, ಅಕ್ರಮ ಹಣ ವರ್ಗಾವಣೆ ಮತ್ತು ಯುಎಪಿಎ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ) ಪ್ರಕರಣಗಳನ್ನು ಹೊರಗಿಡಲಾಯಿತು. ಅರ್ಹರಿದ್ದರೆ ಅರ್ಜಿ ಹಾಕಿ. ಆದರೆ ಮೊದಲ ದಿನವೇ ಚಂದಾ ಎತ್ತಿ ನಗದು ಕಟ್ಟುವ ಸಂಸ್ಥೆಗಳ ರೀತಿ ನನಗೆ ಒಪ್ಪಿಗೆಯಿಲ್ಲ. ಕಟ್ಟಿದ ಹಣ ವರ್ಷಗಟ್ಟಲೆ ಸಿಕ್ಕಿಬೀಳುತ್ತದೆ, ಮತ್ತು ಷರತ್ತು ತಪ್ಪೆಂದು ಹೇಳುವ ಅವಕಾಶ ಕೈತಪ್ಪುತ್ತದೆ.

ಬಾಡಿಗೆ ಶ್ಯೂರಿಟಿಯವರ ಹತ್ತಿರ ಮಾತ್ರ ಸುಳಿಯಬೇಡಿ. ಕೆಲವು ಸಾವಿರಕ್ಕೆ ಪಹಣಿ ಹಿಡಿದು ಬರುವ ಇವರು ಅದೇ ಪಹಣಿಯನ್ನು ಎಷ್ಟು ಕಡೆ ತೋರಿಸಿದ್ದಾರೋ ನಿಮಗೆ ತಿಳಿಯದು. ಈವರೆಗೆ ಎಷ್ಟು ಜನರಿಗೆ ಶ್ಯೂರಿಟಿ ನಿಂತಿದ್ದೇನೆಂದು ಜಾಮೀನುದಾರರು ಘೋಷಿಸಬೇಕೆಂದು ಅದೇ ಸಂಹಿತೆಯ 486ನೆಯ ಸೆಕ್ಷನ್ ಹೇಳುತ್ತದೆ. ಘೋಷಣೆ ಸುಳ್ಳಾದರೆ ಸಿಕ್ಕಿಹಾಕಿಕೊಳ್ಳುವವರಲ್ಲಿ ನೀವು ಬಿಡಿಸಲು ಹೋದವರೂ ಇರುತ್ತಾರೆ.

ಬಿಡುಗಡೆಯ ದಿನ ಮತ್ತು ಅನಂತರ

ಬಸ್ಸಿನ ದುಡ್ಡು, ಒಂದು ಊಟ, ಮನೆಗೊಂದು ಫೋನ್ ಕರೆಯ ವ್ಯವಸ್ಥೆ ಇರಲಿ. ಬಿಡುಗಡೆ ಸಂಜೆಯ ಹೊತ್ತಿಗೇ ಆಗುವುದರಿಂದ ದೂರದ ಊರಿನವರಿಗೆ ರಾತ್ರಿ ತಂಗುವ ಜಾಗವನ್ನೂ ನೋಡಿಡಿ. ಮುಂದಿನ ವಿಚಾರಣೆಯ ದಿನಾಂಕ, ನ್ಯಾಯಾಲಯದ ಕೊಠಡಿ ಸಂಖ್ಯೆ, ವಕೀಲರ ಹೆಸರು, ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಒಂದು ಚೀಟಿ ಅವರ ಜೇಬಿಗೆ, ಇನ್ನೊಂದು ಮನೆಯವರ ಕೈಗೆ ಕೊಡಿ. ಹಿಂದಿನ ದಿನ ಸಂಜೆ ನೀವೇ ಫೋನ್ ಮಾಡಿ ನೆನಪಿಸಿ. ನ್ಯಾಯಾಧೀಶರು ರಜೆಯಲ್ಲಿದ್ದಾರೆಂದು ಯಾರೋ ಹೇಳಿದರೂ ಹೋಗಲೇಬೇಕು, ಹೆಸರು ಕೂಗುವವರೆಗೆ ಕಾಯಬೇಕು, ಮುಂದಿನ ದಿನಾಂಕವನ್ನು ವಕೀಲರ ಕೈಯಲ್ಲಿ ಅದೇ ಚೀಟಿಯ ಹಿಂಬದಿಗೆ ಬರೆಸಿಕೊಂಡೇ ಮರಳಬೇಕು ಎಂಬುದನ್ನು ಜೈಲಿನ ಬಾಗಿಲಲ್ಲೇ ಎರಡು ಸಲ ಹೇಳಿ ಕಳಿಸಿ.