ಉದ್ದುದ್ದ ಎರರ್ ಹ್ಯಾಂಡ್ಲಿಂಗ್ ಮೆಥಡ್ ಒಡೆಯುವುದು ಹೇಗೆ?

ಒಂದೇ ಮೆಥಡ್‌ನಲ್ಲಿ ಸಾಲುಸಾಲು ಇಫ್-ಎಲ್ಸ್, ಪ್ರತಿ ಎರರ್‌ಗೂ ಬೇರೆ ಮೆಸೇಜ್, ಬೇರೆ ಸ್ಟೇಟಸ್ ಕೋಡ್ (ವೆಬ್ ಸರ್ವರ್ ಉತ್ತರದ ಜೊತೆ ಕಳಿಸುವ ಸಂಖ್ಯೆ). ಇಂಥ ಕೋಡ್ ನೀವೂ ನೋಡಿರುತ್ತೀರಿ ಅಲ್ವಾ? ಅದಕ್ಕೆ ಕೈ ಹಾಕುವ ಮೊದಲು, ಈಗ ಯಾವ ಎರರ್‌ಗೆ ಏನು ಉತ್ತರ ಹೋಗುತ್ತಿದೆ ಅನ್ನುವುದಕ್ಕೆ ಟೆಸ್ಟ್ ಬರೆಯಿರಿ. ಇಲ್ಲದಿದ್ದರೆ 404 (ಕೇಳಿದ್ದು ಸಿಗಲಿಲ್ಲ) ಬರಬೇಕಾದ ಕಡೆ 500 (ಸರ್ವರ್‌ನಲ್ಲೇ ತಪ್ಪು) ಬಂದರೂ ಗೊತ್ತಾಗುವುದಿಲ್ಲ.

ಆ ಮೆಥಡ್ ಸಾಮಾನ್ಯವಾಗಿ ಎರರ್ ಗುರುತಿಸುತ್ತದೆ, ಲಾಗ್ ಮಾಡುತ್ತದೆ, ಉತ್ತರವನ್ನೂ ಕಳಿಸುತ್ತದೆ. ಗುರುತಿಸುವ ಭಾಗವನ್ನು ಮೊದಲು ಹೊರಗೆ ತೆಗೆಯಿರಿ. ಎರರ್ ಕ್ಲಾಸ್‌ಗೆ ಸ್ಟೇಟಸ್ ಕೋಡ್ ಜೋಡಿಸುವ ಒಂದು ಮ್ಯಾಪ್ ಸಾಕು. ರೆಕಾರ್ಡ್ ಸಿಗಲಿಲ್ಲ ಅಂದ್ರೆ 404, ಅನುಮತಿ ಇಲ್ಲ ಅಂದ್ರೆ 403, ವ್ಯಾಲಿಡೇಶನ್ ತಪ್ಪಿದರೆ 422. ಎಷ್ಟೋ ಇಫ್‌ಗಳು ಅಲ್ಲೇ ಮಾಯ. ಎರರ್ ಮೆಸೇಜ್‌ನ ಪದ ಹೋಲಿಸಿ ನಿರ್ಧರಿಸುವ ಸಾಲುಗಳಿದ್ದರೆ ದಯವಿಟ್ಟು ತೆಗೆದುಬಿಡಿ. ಲೈಬ್ರರಿ ಅಪ್‌ಡೇಟ್ ಆಗಿ ಒಂದು ಪದ ಬದಲಾದರೆ ಮುಗೀತು.

ಉಳಿದದ್ದನ್ನು ಫ್ರೇಮ್‌ವರ್ಕ್‌ಗೇ ಬಿಡಿ. ಜಾವಾದ ಸ್ಪ್ರಿಂಗ್‌ನಲ್ಲಿ ಎಲ್ಲ ಕಂಟ್ರೋಲರ್‌ಗಳ ಎರರ್ ಒಂದೇ ಕಡೆ ನೋಡಿಕೊಳ್ಳುವ ಕಂಟ್ರೋಲರ್ ಅಡ್ವೈಸ್ ಇದೆ. ನೋಡ್‌ನ ಎಕ್ಸ್‌ಪ್ರೆಸ್‌ನಲ್ಲಿ ನಾಲ್ಕು ಆರ್ಗ್ಯುಮೆಂಟ್‌ನ ಮಿಡಲ್‌ವೇರ್ (ರಿಕ್ವೆಸ್ಟ್ ಹಾದುಹೋಗುವ ದಾರಿಯ ಫಂಕ್ಷನ್), ಅದು ರೂಟ್‌ಗಳೆಲ್ಲ ಆದ ಮೇಲೆ ಕೊನೆಗೆ ಬರಬೇಕು. ರೂಬಿಯ ರೈಲ್ಸ್‌ನಲ್ಲಿ, ಯಾವ ಎರರ್‌ಗೆ ಯಾವ ಹ್ಯಾಂಡ್ಲರ್ ಅಂತ ಹೇಳುವ ರೆಸ್ಕ್ಯೂ ಫ್ರಮ್. ಇಲ್ಲಿ ಜಾಸ್ತಿ ಜನ ಎಡವುತ್ತಾರೆ: ರೈಲ್ಸ್ ಹ್ಯಾಂಡ್ಲರ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಹುಡುಕುತ್ತದೆ. ಹಾಗಾಗಿ ಬಹುತೇಕ ಎರರ್‌ಗಳನ್ನೂ ಹಿಡಿಯುವ ಸ್ಟ್ಯಾಂಡರ್ಡ್ ಎರರ್‌ನ ಹ್ಯಾಂಡ್ಲರ್ ಎಲ್ಲಕ್ಕಿಂತ ಮೇಲಿರಲಿ. ಕೆಳಗೆ ಬರೆದರೆ ಉಳಿದ ಎಲ್ಲವನ್ನೂ ಅದೇ ನುಂಗಿಬಿಡುತ್ತದೆ.

ಗೊತ್ತಿಲ್ಲದ ಎರರ್ ಬಂದರೆ ಬಳಕೆದಾರರಿಗೆ ಸರಳವಾದ 500 ಉತ್ತರ ಹೋಗಲಿ, ಸ್ಟ್ಯಾಕ್ ಟ್ರೇಸ್ (ಎರರ್ ಕೋಡ್‌ನ ಯಾವ ಸಾಲುಗಳಿಂದ ಬಂತು ಅನ್ನುವ ಪಟ್ಟಿ) ಲಾಗ್‌ಗೆ ಮಾತ್ರ. ಎರರ್ ಹಿಡಿದು ಸುಮ್ನೆ ಖಾಲಿ ಬಿಟ್ಟ ಕ್ಯಾಚ್ ಬ್ಲಾಕ್ ಎಲ್ಲಾದರೂ ಕಂಡರೆ, ಕನಿಷ್ಠ ಒಂದು ಲಾಗ್ ಸಾಲನ್ನಾದರೂ ಅವತ್ತೇ ಸೇರಿಸಿ.