ಮೂಳೆ ಸಿಕ್ತು, ಉತ್ತರ ತಪ್ಪೋಯ್ತು: ಯೂಟಾ ಮರುಭೂಮಿಲಿ ಡೈನೋಸಾರ್ ಅಗೆದ ನನ್ನ ಅನುಭವ

ನಾನು ಜಿಯಾಲಜಿಸ್ಟ್ ಅಲ್ಲ, ಸಾಫ್ಟ್‌ವೇರ್ ಕೆಲ್ಸ, ಶಿಕಾಗೋ ಹತ್ರ ಮನೆ. ರಾಕ್‌ಫರ್ಡ್‌ನ ಬರ್ಪಿ ಮ್ಯೂಸಿಯಂನವ್ರು ಯೂಟಾದ ಹ್ಯಾಂಕ್ಸ್‌ವಿಲ್ ಪಕ್ಕ ಡೈನೋಸಾರ್ ಅಗೀತಾರೆ, 2008ರಲ್ಲಿ ಸುದ್ದಿಯಾದ ಜಾಗ, ವಾಲಂಟಿಯರ್ಸ್‌ನೂ ಸೇರಿಸ್ಕೋತಾರೆ ಅಂತ ಗೊತ್ತಾಗಿ ರಜಾ ಹಾಕಿ ಹೊರಟೆ. ಅಲ್ಲಿಗೆ ಹೋಗೋ ಮಣ್ಣು ರಸ್ತೆ ಹೆಸ್ರು ಕೌ ಡಂಗ್ ರೋಡ್. ಅಮ್ಮಂಗೆ ಫೋನ್ ಮಾಡಿ ಸಗಣಿ ರೋಡಲ್ಲಿದೀನಿ ಅಂದ್ರೆ "ಇದಕ್ಕಾ ಅಮೆರಿಕಕ್ಕೆ ಹೋಗಿದ್ದು" ಅಂದ್ರು. ಅದೇ ಕಡೆ ಮಂಗಳ ಗ್ರಹದ ತಾಲೀಮು ಮಾಡೋ ಸ್ಟೇಷನ್ನೂ ಇದೆ, ಆ ಕೆಂಪು ಬೋಳು ಗುಡ್ಡ ನೋಡಿದ್ರೆ ಯಾಕೆ ಅಂತ ಕೇಳೋದೇ ಬೇಡ.

ಇಲ್ಲಿರೋದು ಮಾರಿಸನ್ ಫಾರ್ಮೇಶನ್ ಅನ್ನೋ ಕಲ್ಲಿನ ಪದರ, ಸುಮಾರು 15 ಕೋಟಿ ವರ್ಷ ಹಳೇದು. ಆಗ ಇಲ್ಲಿ ನದಿ ಹರೀತಿತ್ತು, ಡಿಪ್ಲೊಡೋಕಸ್, ಕ್ಯಾಮರಾಸಾರಸ್ ಥರದ ಉದ್ದ ಕತ್ತಿನವು ಸತ್ತು, ಮೂಳೆ ಎಲ್ಲಾ ಮರಳಲ್ಲಿ ರಾಶಿ ಬಿದ್ದು ಕಲ್ಲಾಗಿವೆ. ಸರ್ಕಾರಿ ಜಮೀನು, ಪರ್ಮಿಟ್ ಇಲ್ದೆ ಒಂದು ಚೂರೂ ಎತ್ತೋ ಹಾಗಿಲ್ಲ.

ಮೇಲಿನ ಮಣ್ಣು ಗುದ್ದಲಿ ಸಲಿಕೆಲಿ ತೆಗೀತಾರೆ, ಮೂಳೆ ಕಂಡ ಮೇಲೆ ಡಬ್ಬಣದ ಥರ ಒಂದು ಚೂಪು ಕಡ್ಡಿ, ಒಂದು ಬ್ರಶ್, ಅಷ್ಟೇ, ದಿನಪೂರ್ತಿ ಅಂಗೈಯಗಲ ಜಾಗ. ಕಲ್ಲಾ ಮೂಳೆನಾ ಅಂತ ಡೌಟ್ ಬಂದ್ರೆ ನಾಲಿಗೆ ಮುಟ್ಟಿಸಿ ನೋಡ್ತಾರೆ, ಮೂಳೇಲಿ ಸಣ್ಣ ತೂತುಗಳಿರೋದ್ರಿಂದ ಅಂಟ್ಕೊಳ್ಳುತ್ತೆ, ಆದ್ರೆ ಮಾರಿಸನ್ ಮೂಳೇಲಿ ಯುರೇನಿಯಂ ಸೇರ್ಕೊಂಡಿರೋದುಂಟು ಅಂತ ಕೇಳಿದ್ಮೇಲೆ ನಾನಂತೂ ನೆಕ್ಕಕ್ಕೆ ಹೋಗ್ಲಿಲ್ಲ.

ಬಿರುಕಿಗೆ ಪ್ಯಾರಲಾಯ್ಡ್ ಬಿ-72 ಅನ್ನೋ ಅಂಟನ್ನ ಅಸಿಟೋನಲ್ಲಿ ತೆಳ್ಳಗೆ ಕರಗಿಸಿ ಹನಿ ಹನಿ ಬಿಡ್ಬೇಕು. ಮಧ್ಯಾಹ್ನದ ಬಿಸಿಲಲ್ಲಿ ಬಿಟ್ರೆ ಒಳಗೆ ಇಳಿಯೋಕೆ ಮುಂಚೆನೇ ಅಸಿಟೋನ್ ಹಾರ್ಹೋಗಿ ಹಾಲಿನ ಕೆನೆ ಥರ ಮೇಲೇ ಕಟ್ಕೊಳ್ಳುತ್ತೆ, ಅದಕ್ಕೆ ಬೆಳಿಗ್ಗೆನೇ ಮುಗಿಸ್ಬೇಕು. ಆಮೇಲೆ ಸುತ್ತ ಅಗೆದು ಮೂಳೆನ ಅಣಬೆ ಥರ ನಿಲ್ಸಿ, ಪ್ಲಾಸ್ಟರ್ ಮೂಳೆಗೆ ಹಿಡೀದಿರ್ಲಿ ಅಂತ ಒದ್ದೆ ಟಾಯ್ಲೆಟ್ ಪೇಪರ್ ಹಚ್ಚಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸಲ್ಲಿ ಅದ್ದಿದ ಗೋಣಿಬಟ್ಟೆ ಪಟ್ಟಿ. ಹದ ದೋಸೆ ಹಿಟ್ಟಿಂದು. ಪುತ್ತೂರು ಕಟ್ಟು ನೋಡಿದೋರಿಗೆ ಇದೇನು ಹೊಸ್ದಲ್ಲ ಬಿಡಿ. ಬುಡ ಸರಿಯಾಗಿ ಕೊರೀದೆ ಮಗುಚಿದ್ರೆ ಮಾತ್ರ ಒಳಗಿನದೆಲ್ಲ ಸುರಿದುಹೋಗುತ್ತೆ, ಮಗುಚೋ ಹೊತ್ತಲ್ಲಿ ಯಾರೂ ಮಾತಾಡಲ್ಲ.

ಇದೆಲ್ಲಕ್ಕಿಂತ ನಂಗೆ ಕೈಕೊಟ್ಟಿದ್ದು ಬರೆಯೋ ಕೆಲ್ಸ. ದಾರ ಕಟ್ಟಿ ಒಂದೊಂದು ಮೀಟರ್ ಚೌಕ, ಗ್ರಾಫ್ ಶೀಟಲ್ಲಿ ಅದೇ ಚೌಕ ಬರೆದು ಪ್ರತಿ ಮೂಳೆಗೂ ನಂಬರ್, ಆಳ, ಉದ್ದಕ್ಕೆ ಯಾವ ದಿಕ್ಕಿಗೆ ಮಲಗಿದೆ, ಎಷ್ಟು ಇಳಿಜಾರು, ಎಲ್ಲಾ ಬರೀಬೇಕು, ಜೊತೆಗೆ ಸ್ಕೇಲ್ ಇಟ್ಟು ಫೋಟೋ. ದಿಕ್ಕು ಯಾಕಂದ್ರೆ, ನೀರಿನ ಸೆಳೆತಕ್ಕೆ ಉದ್ದನೆ ಮೂಳೆಗಳು ಸಾಲಾಗಿ ತಿರುಗಿರ್ತವೆ, ಅದನ್ನ ನೋಡಿ ನದಿ ಎತ್ಲಾಗೆ ಹರೀತಿತ್ತು ಅಂತ ಲೆಕ್ಕ ಹಾಕ್ತಾರೆ.

ಮೂರನೇ ದಿನ ಒಂದೇ ತೊಡೆಮೂಳೆನ ನಾನು 62 ಡಿಗ್ರಿ ಅಂದೆ, ಪಕ್ಕದ ಹುಡುಗಿ 72 ಅಂದ್ಲು. ಇನ್ನೊಂದಕ್ಕೂ ಅದೇ ಹತ್ತು ವ್ಯತ್ಯಾಸ. ಅಲ್ಲಿ ದಿಕ್ಸೂಚಿ ಮುಳ್ಳು ನಿಜವಾದ ಉತ್ತರಕ್ಕಿಂತ ಸುಮಾರು 10 ಡಿಗ್ರಿ ಪೂರ್ವಕ್ಕೆ ನಿಲ್ಲುತ್ತೆ, ಅದನ್ನ ಸೆಟ್ ಮಾಡ್ಕೋಬೇಕು, ನಂದು ಸೊನ್ನೇಲೇ ಇತ್ತು. ಎಲ್ಲದಕ್ಕೂ ಹತ್ತು ಕೂಡಿದ್ರೆ ಮುಗೀತಲ್ಲ ಅಂತ ಖುಷಿಯಾದೆ. ನೋಟ್‌ಬುಕ್ ತೆಗೆದ್ರೆ ಮೂರು ಮೂಳೆಗಳ ನಂಬರ್ ಮುಂದೆ, ಅಳೆದಿದ್ದು ಯಾರು ಅಂತ ಇನಿಶಿಯಲ್ಲೇ ಹಾಕಿಲ್ಲ, ಅಷ್ಟೊತ್ತಿಗೆ ಮೂರಕ್ಕೂ ಪ್ಲಾಸ್ಟರ್ ಆಗಿ ನೆಲದಿಂದ ಎದ್ದಾಗಿತ್ತು! ಫೋಟೋದಲ್ಲಿ ಉತ್ತರ ತೋರ್ಸೋ ಬಾಣದ ಗುರುತು ಇತ್ತು, ಆದ್ರೆ ಆ ಬಾಣನೂ ಯಾರ ದಿಕ್ಸೂಚಿ ನೋಡಿ ಇಟ್ಟಿದ್ದೋ ಗೊತ್ತಿಲ್ಲ, ಹತ್ತು ಕೂಡ್ಬೇಕೋ ಬೇಡ್ವೋ. ಎರಡು ಫೋಟೋದಲ್ಲಿ ದಾರ ಕಾಣ್ತಿತ್ತು, ದಾರದ ಚೌಕನ ಟೋಟಲ್ ಸ್ಟೇಷನ್ ಅನ್ನೋ ಸರ್ವೆ ಯಂತ್ರದಲ್ಲಿ ಅಳೆದು ಕಟ್ಟಿದ್ರಿಂದ ಅದರ ಲೆಕ್ಕದಲ್ಲಿ ದಿಕ್ಕು ವಾಪಸ್ ಸಿಕ್ತು. ಮೂರನೇದಕ್ಕೆ ಫೋಟೋ ಚೆನ್ನಾಗಿ ಬರ್ಲಿ ಅಂತ ನಾನೇ ದಾರ ಬಿಚ್ಚಿದ್ದೆ.

ಅದು ಒಂದು ಪಕ್ಕೆಲುಬು, ಒಂದು ಬಿರುಕಿಲ್ಲ, ನಾನು ತೆಗೆದಿದ್ರಲ್ಲೇ ಚೆಂದದ್ದು. ಅದರ ಮುಂದೆ "ದಿಕ್ಕು ಅನುಮಾನ" ಅಂತ ಬರೆದು, ಈ ಸಲ ಇನಿಶಿಯಲ್ ಹಾಕ್ದೆ.